ಖಾತೆಯಲ್ಲಿ ಉಳಿದ ಹೆಸರು

ದಶಲಕ್ಷಣ ಪರ್ವದ ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯಕ್ಕೆ ಮೀಸಲು. ನನ್ನದೆಂಬುದು ಯಾವುದೂ ಇಲ್ಲ ಎಂಬ ಭಾವನೆಯನ್ನು ಮನಸ್ಸಿಗೆ ಕಲಿಸುವ ದಿನ ಅದು. ಹಿರೋಳ್ಳಿಯ ನಿವೃತ್ತ ಮಾಸ್ತರರೊಬ್ಬರು ಪ್ರತಿವರ್ಷ ಆ ದಿನ ಪೂಜೆ ಮುಗಿಸಿದ ಮೇಲೆ ಮನೆಯ ಒಂದು ಪೆಟ್ಟಿಗೆಯನ್ನೋ ಕಪಾಟನ್ನೋ ತೆರೆದು, ಬೇಡವಾದುದನ್ನು ಹೊರಗೆ ಹಾಕುವ ರೂಢಿ ಇಟ್ಟುಕೊಂಡಿದ್ದರು. ಕೆಲವು ವರ್ಷಗಳ ಹಿಂದೆ ಅವರು ತೆರೆದದ್ದು ಅಟ್ಟದ ಮೇಲಿದ್ದ ಅಜ್ಜನ ಕಟ್ಟಿಗೆಯ ಪೆಟ್ಟಿಗೆ. ಅದರಲ್ಲಿ ಕೆಂಪು ಬಟ್ಟೆಯ ಹೊದಿಕೆಯ ಕೀರ್ದಿ, ಖತಾವಣಿಗಳ ರಾಶಿಯಿತ್ತು. ರದ್ದಿಗೆ ಹಾಕಬೇಕೆಂದು ಧೂಳು ಕೊಡವುವಾಗ ಒಂದು ವಹಿಯ ನಡುವಿನಿಂದ ಮಡಿಚಿದ ಕಾಗದವೊಂದು ಕೆಳಗೆ ಬಿತ್ತು.

ಹಿರೋಳ್ಳಿ ಆಳಂದ ತಾಲ್ಲೂಕಿನ ಗಡಿಯಂಚಿನ ಊರು. ಆಚೆಗೆ ಅಕ್ಕಲಕೋಟೆಯ ಸೀಮೆ, ಮರಾಠಿ ನಾಡು. ಜೋಳ ತೊಗರಿ ಬೆಳೆಯುವ ಕರಿಮಣ್ಣಿನ ಈ ಭಾಗ 1948ರ ಸೆಪ್ಟೆಂಬರ್ ತನಕ ನಿಜಾಮನ ಆಳ್ವಿಕೆಯಲ್ಲಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಆದ್ದರಿಂದ ಆ ಕಾಗದದ ಮೇಲಿನ ಕಾಲಗಣನೆ ಫಸಲಿಯದು, ನಾಣ್ಯ ಹೈದರಾಬಾದಿನದು. ಫಸಲಿ 1354, ಎಂದರೆ ನಮ್ಮ ಲೆಕ್ಕಕ್ಕೆ 1944. ಊರಿನ ಒಬ್ಬ ಬಡ ತಂದೆ ಮಗಳ ಮದುವೆಗಾಗಿ ಮಾಸ್ತರರ ಅಜ್ಜನಿಂದ ಹಾಲಿ ಸಿಕ್ಕಾ 140 ರೂಪಾಯಿ ಪಡೆದಿದ್ದ. ಏಳು ಹಾಲಿ ರೂಪಾಯಿಗೆ ಆರು ಕಂಪನಿ ರೂಪಾಯಿ ಎಂಬ ದರದಲ್ಲಿ ಅದು 120 ರೂಪಾಯಿ. ಸಾಲ ತೀರುವ ತನಕ ತನ್ನ ಹದಿನಾರು ವರ್ಷದ ಮಗ ಸಾಹುಕಾರರ ಮನೆಯಲ್ಲಿ ದುಡಿಯತಕ್ಕದ್ದು ಎಂದು ಬರೆಯಿಸಿ, ಕೆಳಗೆ ಹೆಬ್ಬೆಟ್ಟು ಒತ್ತಿದ್ದ. ದುಡಿಯಬೇಕಾದ ಮಗನ ಹೆಬ್ಬೆಟ್ಟು ಅದರಲ್ಲಿ ಇರಲಿಲ್ಲ.

ಆ ಮಗನನ್ನು ಮಾಸ್ತರರು ಬಲ್ಲರು. ಬಾಲ್ಯದಲ್ಲಿ ಅವರನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಲಕ್ಕೆ ಕರೆದೊಯ್ದವನು, ಎತ್ತುಗಳ ಮೈ ತೊಳೆಯುವುದನ್ನು ಕಲಿಸಿದವನು ಅವನೇ. ಮನೆಯವರೆಲ್ಲ ಅವನನ್ನು ಹಳೆಯ ಆಳೆಂದು ಕರೆಯುತ್ತಿದ್ದರೇ ಹೊರತು ಜೀತದವನೆಂದು ಯಾರೂ ಕರೆದದ್ದಿಲ್ಲ. ಅವನಿಗೆ ಹೊಡೆದವರಿಲ್ಲ, ಹಬ್ಬಕ್ಕೆ ಧೋತರ, ಚಳಿಗೆ ಕಂಬಳಿ ತಪ್ಪಿಸಿದ್ದಿಲ್ಲ. ನಮ್ಮದು ಅಹಿಂಸೆಯ ಮನೆತನ ಎಂಬ ಮಾತು ಆ ಮನೆಯಲ್ಲಿ ಹೆಮ್ಮೆಯಿಂದ ನಡೆಯುತ್ತಿತ್ತು. ರಾತ್ರಿ ದೀಪಕ್ಕೆ ಹುಳು ಬಿದ್ದೀತೆಂದು ಗಾಜಿನ ಬುರುಡೆ ಮುಚ್ಚುತ್ತಿದ್ದರು. ನೀರನ್ನು ಸೋಸದೆ ಕುಡಿಯುತ್ತಿರಲಿಲ್ಲ.

ಮಾಸ್ತರರು ಗಣಿತ ಕಲಿಸಿದವರು. ಅಂದು ರದ್ದಿಯ ಕೆಲಸ ಬಿಟ್ಟು, ವಹಿಗಳನ್ನು ವರ್ಷವಾರು ಜೋಡಿಸಿ ಆ ಒಂದೇ ಖಾತೆಯನ್ನು ಓದುತ್ತ ಕುಳಿತರು. ಜ್ವರದಿಂದ ಎಂಟು ದಿನ ಬಾರದೆ ಇದ್ದುದಕ್ಕೆ ಬದಲಿ ಕೂಲಿಯವನ ದುಡ್ಡು ಅವನ ಹೆಸರಿಗೆ. ಬರಗಾಲದ ವರ್ಷ ಕೊಟ್ಟ ಎರಡು ಚೀಲ ಜೋಳ ಅವನ ಹೆಸರಿಗೆ. ಕಳೆದುಹೋದ ಮಿಣಿ, ಮುರಿದ ಕುಂಟೆ, ತಾಯಿಯ ಮಣ್ಣಿನ ಖರ್ಚು, ಅವನದೇ ಲಗ್ನದ ಖರ್ಚು, ಎಲ್ಲವೂ ಅವನ ಹೆಸರಿಗೆ. ಯಾವ ಅಂಕಿಯೂ ಸುಳ್ಳಲ್ಲ, ಕೂಡಿಸಿದ್ದರಲ್ಲಿ ಒಂದು ಪೈ ತಪ್ಪಿಲ್ಲ. ವರ್ಷದ ಕೊನೆಗೆ ಅಜ್ಜನ ದುಂಡಗಿನ ಅಕ್ಷರದಲ್ಲಿ ‘ಬಾಕಿ ಮುಂದಕ್ಕೆ’ ಎಂಬ ಎರಡು ಪದ. ಆದರೆ ಅದೇ ವಹಿಯ ಇನ್ನೊಂದು ಪುಟದಲ್ಲಿ ಹೊರಗಿನ ಕೂಲಿಯವರಿಗೆ ದಿನಕ್ಕೆ ಎಂಟಾಣೆ ಕೊಟ್ಟ ದಾಖಲೆಯೂ ಇತ್ತು. ಆ ದರದಲ್ಲಿ 140 ರೂಪಾಯಿ ತೀರಲು 280 ದಿನ ಸಾಕು. ಉಂಡ ಜೋಳದ ಬೆಲೆ ಕಳೆದರೂ ಎರಡು ವರ್ಷಕ್ಕೆ ಸಾಲ ಮುಗಿಯಬೇಕಿತ್ತು. ಅವನು ಆ ಮನೆಯಲ್ಲಿ ದುಡಿದದ್ದು 1944ರಿಂದ 1981ರ ತನಕ, ಮೂವತ್ತೇಳು ವರ್ಷ. ನಡು ಬಿದ್ದು ನೇಗಿಲು ಹಿಡಿಯಲಾರದಾದಾಗ, ಇನ್ನು ಮನೆಯಲ್ಲಿ ಆರಾಮಾಗಿರು ಎಂದು ಕಳುಹಿಸಿದರು. ಹತ್ತು ವರ್ಷದ ಮೇಲೆ ತೀರಿಕೊಂಡ. ಖಾತೆಗೆ ಯಾರೂ ಗೀಟು ಎಳೆದಿರಲಿಲ್ಲ.

ಜಗತ್ತಿನ ದಾಸ್ಯವಿಮೋಚನೆಯ ಚರಿತ್ರೆಯಲ್ಲಿ ಇಂಥ ಒಂದು ಕಾಗದದಿಂದಲೇ ಎಚ್ಚರಗೊಂಡ ವ್ಯಕ್ತಿಯೊಬ್ಬನಿದ್ದಾನೆ. ಹದಿನೆಂಟನೆಯ ಶತಮಾನದ ಅಮೆರಿಕದಲ್ಲಿ, ನ್ಯೂಜೆರ್ಸಿ ಪ್ರಾಂತದ ಜಾನ್ ವುಲ್ಮನ್ ಎಂಬ ಕ್ವೇಕರ್ ಪಂಥದ ತರುಣ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದ. ಯಜಮಾನನು ತನ್ನ ದಾಸಿಯನ್ನು ಮಾರಿದಾಗ ಕ್ರಯಪತ್ರ ಬರೆಯಲು ಅವನಿಗೆ ಹೇಳಿದ. ವುಲ್ಮನ್ ಅಳುಕುತ್ತಲೇ ಬರೆದುಕೊಟ್ಟ. ಆ ಬರವಣಿಗೆ ಅವನನ್ನು ಜೀವನಪೂರ್ತಿ ಕಾಡಿತು. ಮುಂದೆ ಅವನು ದರ್ಜಿಯ ಕೆಲಸದಿಂದ ಬದುಕುತ್ತ, ಊರೂರು ನಡೆದು, ತನ್ನ ಪಂಥದವರ ಮನೆಗಳಲ್ಲಿಯೇ ಕುಳಿತು, ದಾಸರನ್ನು ಬಿಡಿರೆಂದು ಮೃದುವಾಗಿ ಬೇಡಿಕೊಂಡ. ದಾಸರಿಂದ ಸೇವೆ ಪಡೆದ ಮನೆಯಲ್ಲಿ ಅವರ ಕೂಲಿಯನ್ನು ತಾನೇ ಕೊಟ್ಟು ಹೊರಡುತ್ತಿದ್ದ. ಅವನು 1772ರಲ್ಲಿ ತೀರಿಕೊಂಡ. ನಾಲ್ಕು ವರ್ಷದ ನಂತರ, 1776ರಲ್ಲಿ, ಫಿಲಡೆಲ್ಫಿಯಾದ ಕ್ವೇಕರರ ವಾರ್ಷಿಕ ಸಭೆಯು ತನ್ನ ಸದಸ್ಯರು ಯಾರೂ ದಾಸರನ್ನು ಇಟ್ಟುಕೊಳ್ಳಬಾರದೆಂದು ನಿರ್ಣಯಿಸಿತು. ಸರಕಾರಕ್ಕೆ ಬುದ್ಧಿ ಹೇಳುವ ಮೊದಲು ಒಂದು ಧರ್ಮಸಮುದಾಯ ತನ್ನ ಮನೆಯನ್ನು ತಾನು ಗುಡಿಸಿಕೊಂಡಿತು. 1791ರಲ್ಲಿ ಇಂಗ್ಲೆಂಡಿನ ಲಕ್ಷಾಂತರ ಸಾಮಾನ್ಯ ಜನರು ದಾಸರ ದುಡಿಮೆಯಿಂದ ಬಂದ ಸಕ್ಕರೆಯನ್ನು ತ್ಯಜಿಸಿದ್ದೂ ಇಂಥದೇ ಸಂಯಮ. ಆಹಾರದ ಹಿಂದಿನ ಹಿಂಸೆಯನ್ನು ಹುಡುಕುವುದು ಜೈನರಿಗೆ ಹೊಸತಲ್ಲ.

ಆದರೆ ಕಾನೂನು ಬಂದಾಗ ಅದು ಮೊದಲು ನೋಡಿದ್ದು ಯಜಮಾನನ ಮುಖವನ್ನು. 1833ರ ಬ್ರಿಟಿಷ್ ಶಾಸನ ದಾಸ್ಯವನ್ನು ರದ್ದುಮಾಡಿದಾಗ ಎರಡು ಕೋಟಿ ಪೌಂಡುಗಳ ಪರಿಹಾರ ಗೊತ್ತಾಯಿತು. ಅದು ಸಂದದ್ದು ಒಡೆಯರಿಗೆ. ದಾಸರಾಗಿದ್ದವರಿಗೆ ಒಂದು ಪೆನ್ನಿಯೂ ಇಲ್ಲ. ಬದಲಿಗೆ ಅವರಲ್ಲಿ ಬಹುಪಾಲು ಜನ 1838ರವರೆಗೆ ಹಳೆಯ ಒಡೆಯರ ಬಳಿಯಲ್ಲಿಯೇ ದುಡಿಯಬೇಕಾಯಿತು. ಆ ಶಾಸನ ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳಿಗೆ ಅನ್ವಯಿಸಲೂ ಇಲ್ಲ. ಇಲ್ಲಿಗೆ 1843ರಲ್ಲಿ ಬೇರೆಯ ಶಾಸನ ಬಂದು, ದಾಸತ್ವದ ಹಕ್ಕನ್ನು ಯಾವ ನ್ಯಾಯಾಲಯವೂ ಮನ್ನಿಸಬಾರದೆಂದಿತು. ಆಗ ಮನುಷ್ಯನನ್ನು ಮಾರುವ ಕ್ರಯಪತ್ರ ಹೋಯಿತು. ಸಾಲದ ಪತ್ರ ಉಳಿಯಿತು. ನಿಜಾಮನ ಸಂಸ್ಥಾನದಲ್ಲಿ ಇಂಥ ಜೀತಕ್ಕೆ ಭಾಗೇಲಾ ಎಂಬ ಹೆಸರಿತ್ತು. ಆ ಕರಾರುಗಳಿಗೆ ಮಿತಿ ಹಾಕುವ ಕಟ್ಟಳೆ 1943ರ ಹೊತ್ತಿಗೇ ಅಲ್ಲಿ ಇತ್ತು. ಹಿರೋಳ್ಳಿಯ ಹೆಬ್ಬೆಟ್ಟು ಬಿದ್ದದ್ದು ಅದಾದ ಮೇಲೆ.

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 23ನೆಯ ವಿಧಿ ಬಿಟ್ಟಿ ಚಾಕರಿಯನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸಿತು. ಅದನ್ನು ಹಳ್ಳಿಯ ಅಂಗಳಕ್ಕೆ ತಂದದ್ದು 1975ರ ಅಕ್ಟೋಬರ್ 24ರ ಸುಗ್ರೀವಾಜ್ಞೆ, ಅದರ ಬೆನ್ನಿಗೆ ಬಂದ 1976ರ ಜೀತಪದ್ಧತಿ ರದ್ದತಿ ಅಧಿನಿಯಮ. ಇದರ ವಿಶೇಷವೇನೆಂದರೆ, ಇದು ಒಡೆಯನಿಗೆ ಪರಿಹಾರ ಕೊಡಲಿಲ್ಲ. ಜೀತಗಾರ ಆ ಕ್ಷಣದಿಂದ ಸ್ವತಂತ್ರ, ಅವನ ಜೀತದ ಸಾಲ ಆ ಕ್ಷಣದಿಂದ ಇಲ್ಲ ಎಂದಿತು. ಆ ಸಾಲಕ್ಕಾಗಿ ಇನ್ನು ಹಣ ಪಡೆದವನಿಗೆ, ಜೀತಕ್ಕೆ ಹಚ್ಚಿದವನಿಗೆ ಮೂರು ವರ್ಷದ ತನಕ ಸೆರೆ. ಬಿಡುಗಡೆಯಾದವರ ಪುನರ್ವಸತಿಗೆಂದು 1978ರಲ್ಲಿ ತಲಾ 4,000 ರೂಪಾಯಿಗಳ ಯೋಜನೆಯೂ ಬಂತು. ಕರ್ನಾಟಕದಲ್ಲಿ ಅದು ದೇವರಾಜ ಅರಸರ ಕಾಲ. ಭೂಸುಧಾರಣೆ, ಸಾಲಪರಿಹಾರಗಳ ಜೊತೆಯಲ್ಲಿಯೇ ಜೀತವಿಮುಕ್ತಿಯ ಮಾತೂ ಹಳ್ಳಿಹಳ್ಳಿಗೆ ಹೋಯಿತು.

ಹಿರೋಳ್ಳಿಯ ಆ ಮನೆಗೂ 1976ರ ಬೇಸಿಗೆಯಲ್ಲಿ ಇಬ್ಬರು ಬಂದಿದ್ದರು. ಮಾಸ್ತರರಿಗೆ ಆಗ ಇಪ್ಪತ್ತೆರಡು ವರ್ಷ. ಓದು ಮುಗಿಸಿ ನೌಕರಿಗೆ ಕಾದಿದ್ದರು. ಪಡಸಾಲೆಯಲ್ಲಿ ಬಂದವರಿಗೆ ಚಹಾ ಕೊಟ್ಟವರು ಅವರೇ. ಇಲ್ಲಿ ಜೀತದವರು ಯಾರಾದರೂ ಇದ್ದಾರೆಯೇ ಎಂಬ ಪ್ರಶ್ನೆಗೆ ಅಜ್ಜ ಇಲ್ಲವೆಂದರು. ಅಂಗಳದಲ್ಲಿ ನಿಂತಿದ್ದವನನ್ನು ಕೇಳಿದಾಗ ಅವನು ಒಮ್ಮೆ ಅಜ್ಜನ ಕಡೆಗೆ ನೋಡಿ, “ನಾ ಮನೀ ಮಗನಂಗ ಇದ್ದೀನ್ರೀ” ಎಂದ. ಬಂದವರು ತಿರುಗಿ ತರುಣನ ಮುಖ ನೋಡಿದರು. ತರುಣ ಸುಮ್ಮನಿದ್ದ. ಕೀರ್ದಿ ಅವನ ಬೆನ್ನ ಹಿಂದಿನ ಗೂಡಿನಲ್ಲಿಯೇ ಇತ್ತು. ಅವರು ಎದ್ದು ಹೋದರು.

ಆ ಮೌನದ ಬೆಲೆಯನ್ನು ಮಾಸ್ತರರು ಆಕಿಂಚನ್ಯದ ದಿನ ಮೊದಲ ಬಾರಿಗೆ ಲೆಕ್ಕಹಾಕಿದರು. ಪಟ್ಟಿಯಲ್ಲಿ ಹೆಸರಿಲ್ಲದ್ದರಿಂದ ಬಿಡುಗಡೆಯ ಪತ್ರವಿಲ್ಲ. ಪತ್ರವಿಲ್ಲದ್ದರಿಂದ ನಾಲ್ಕು ಸಾವಿರದ ನೆರವಿಲ್ಲ. ಎರಡು ಎಮ್ಮೆ ಕಟ್ಟಿ ನಿಲ್ಲಬಹುದಾಗಿದ್ದ ಒಂದು ಸಂಸಾರ ನಿಲ್ಲಲಿಲ್ಲ. ಕಾನೂನು ಅವನ ಸಾಲವನ್ನು ಅಳಿಸಿತ್ತು. ಅವನಿಗೆ ಅದು ತಿಳಿಯಲಿಲ್ಲ, ತಿಳಿದವರು ಹೇಳಲಿಲ್ಲ. ಮತ್ತೆ ಐದು ವರ್ಷ ಅವನು ಇಲ್ಲದ ಸಾಲವನ್ನು ತೀರಿಸಿದ.

ಆ ರಾತ್ರಿ ಅವರು ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವನ್ನು ತೆಗೆದರು. ಏಳನೆಯ ಅಧ್ಯಾಯವನ್ನು ಅವರು ಎಷ್ಟೋ ಸಲ ಪಠಿಸಿದ್ದರು. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಕಟ್ಟುವುದು ಒಂದು, ಮಿತಿಮೀರಿ ಹೊರೆ ಹೊರಿಸುವುದು ಇನ್ನೊಂದು. ಕಟ್ಟುವುದೆಂದರೆ ದನವನ್ನು ಬಿಗಿಯಾಗಿ ಹಗ್ಗದಿಂದ ಕಟ್ಟುವುದೆಂದೇ ಮನೆಯಲ್ಲಿ ಅರ್ಥ ಹೇಳುತ್ತಿದ್ದರು. ಕಾಗದದಿಂದಲೂ ಕಟ್ಟಬಹುದೆಂದು ಹೇಳಿದವರಿರಲಿಲ್ಲ. ಮುಂದೆ ಪರಿಗ್ರಹ ಪರಿಮಾಣದ ಅತಿಚಾರಗಳು ಬರುತ್ತವೆ. ಹೊಲ ಮನೆ, ಬೆಳ್ಳಿ ಬಂಗಾರ, ದನ ಧಾನ್ಯ, ದಾಸೀ ದಾಸ, ಬಟ್ಟೆ ಪಾತ್ರೆ. ಇವುಗಳಿಗೆ ತಾನು ಹಾಕಿಕೊಂಡ ಮಿತಿಯನ್ನು ಶ್ರಾವಕ ಮೀರಬಾರದು. ದಾಸಿಯೂ ದಾಸನೂ ಧಾನ್ಯದ ಪಕ್ಕದಲ್ಲಿ, ಪಾತ್ರೆಯ ಹಿಂದೆ ನಿಂತಿದ್ದಾರೆ. ಆ ಶಬ್ದದ ಮುಂದೆ ಅವರು ಬಹಳ ಹೊತ್ತು ಕುಳಿತರು.

ಶಾಸ್ತ್ರವನ್ನು ದೂಷಿಸುವುದು ಸುಲಭ, ಸಮರ್ಥಿಸುವುದೂ ಸುಲಭ. ದಾಸರನ್ನಿಡುವುದು ಲೋಕರೂಢಿಯಾಗಿದ್ದ ಕಾಲದಲ್ಲಿ ಅದಕ್ಕೂ ಒಂದು ಮಿತಿ ಬೇಕೆಂದ ಮಾತು ಕರುಣೆಯ ಮಾತೇ ಸರಿ. ಅಷ್ಟೇ ಅಲ್ಲ, ದಾಸರನ್ನು ಇಟ್ಟುಕೊಳ್ಳುವುದು ಪುಣ್ಯವೆಂದಾಗಲಿ, ಅವರ ಹಣೆಬರಹವೆಂದಾಗಲಿ ಅಲ್ಲಿ ಹೇಳಿಲ್ಲ. ಅದನ್ನು ಪರಿಗ್ರಹವೆಂದು, ಆತ್ಮಕ್ಕೆ ಅಂಟುವ ಭಾರವೆಂದು ಎಣಿಸಿದೆ. ಆದರೂ ಒಂದು ವ್ಯತ್ಯಾಸವನ್ನು ಶ್ರಾವಕನೇ ಕಂಡುಕೊಳ್ಳಬೇಕು. ಹೊಲಕ್ಕೆ ಮಿತಿ ಹಾಕಿದರೆ ಉಳಿದ ಹೊಲಕ್ಕೆ ನೋವಿಲ್ಲ. ಹತ್ತು ಜನ ದಾಸರನ್ನು ಒಬ್ಬನಿಗೆ ಇಳಿಸಿದರೆ, ವ್ರತ ಹಿಡಿದವನ ಭಾರ ಹತ್ತರಲ್ಲಿ ಒಂಬತ್ತು ಪಾಲು ಇಳಿಯಿತು. ಉಳಿದ ಆ ಒಬ್ಬನ ಸಂಕಲೆ ಒಂದಂಗುಲವೂ ಸಡಿಲವಾಗಲಿಲ್ಲ. ಮಿತಿಯೆಂಬುದು ವಸ್ತುವಿಗೆ ಹೊಂದುವ ಧರ್ಮ. ಮನುಷ್ಯನ ವಿಷಯದಲ್ಲಿ ಬಿಡುಗಡೆಯಲ್ಲದೆ ಬೇರೆ ಪರಿಮಾಣವಿಲ್ಲ.

ಈ ನೆಲದ ಪುರಾಣ ಅದನ್ನು ಬೇರೆ ರೀತಿಯಲ್ಲಿ ಹೇಳಿತ್ತು. ಹಿರೋಳ್ಳಿಯಿರುವ ಕಲಬುರಗಿ ಜಿಲ್ಲೆಯಲ್ಲಿಯೇ, ಸೇಡಂ ತಾಲ್ಲೂಕಿನ ಮಳಖೇಡವಿದೆ. ಅಮೋಘವರ್ಷನ ರಾಜಧಾನಿ ಮಾನ್ಯಖೇಟ ಅದು. ಅಮೋಘವರ್ಷನಿಗೆ ಗುರುಗಳಾಗಿದ್ದ ಜಿನಸೇನಾಚಾರ್ಯರ ಶಿಷ್ಯ ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿ ಚಂದನೆಯ ಕಥೆ ಬರುತ್ತದೆ. ಚೇಟಕ ರಾಜನ ಮಗಳು ಅಪಹೃತಳಾಗಿ, ಕೈಯಿಂದ ಕೈಗೆ ದಾಟಿ, ಕೌಶಾಂಬಿಯ ಶ್ರೇಷ್ಠಿಯ ಮನೆ ಸೇರಿದಳು. ಶ್ರೇಷ್ಠಿ ಸಜ್ಜನ. ಆದರೂ ಅವನ ಹೆಂಡತಿಯ ಅಸೂಯೆಗೆ ಸಿಕ್ಕು ಆಕೆ ಸಂಕಲೆಯಲ್ಲಿ ಬಿದ್ದಳು, ಹಾರಕದ ಕೂಳು ಉಂಡಳು. ಮಹಾವೀರಸ್ವಾಮಿಗಳು ಆಹಾರಕ್ಕೆ ಬಂದಾಗ ಕೈಯೊಡ್ಡಿದ್ದು ಆಕೆಯ ಮುಂದೆ. ಆಗ ಸಂಕಲೆ ಕಳಚಿತು. ಆಕೆ ಮುಂದೆ ಆರ್ಯಿಕೆಯರ ಸಂಘದ ಮುಖ್ಯಳಾದಳು. ಈ ಕಥೆಯನ್ನು ಮಾಸ್ತರರು ನೂರು ಸಲ ಕೇಳಿದ್ದರು. ಚಂದನೆಯ ಭಕ್ತಿಗೆ ಕಣ್ಣೀರು ಹಾಕಿದ್ದರು. ಸಜ್ಜನನಾದ ಶ್ರೇಷ್ಠಿಯ ಮನೆಯಲ್ಲಿಯೂ ಸಂಕಲೆ ಇತ್ತೆಂಬುದು ಅಂದು ಮೊದಲ ಸಲ ಅವರ ಕಿವಿಗೆ ಬಿತ್ತು.

ಪರ್ವ ಮುಗಿದು ಕ್ಷಮಾವಣಿಯ ದಿನ ಬಂತು. ಬಂಧುಗಳಿಗೆ, ನೆರೆಯವರಿಗೆ ಕೈಮುಗಿದು ಕ್ಷಮೆ ಕೇಳಿದ ಮೇಲೆ ಅವರು ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಊರಿನ ಇನ್ನೊಂದು ಬದಿಗೆ ನಡೆದರು. ಅಲ್ಲಿ ಆ ಹಳೆಯ ಆಳಿನ ಮಗಳಿದ್ದಾಳೆ; ಹೆಚ್ಚುಕಡಿಮೆ ಮಾಸ್ತರರದೇ ವಯಸ್ಸು. ಗಂಡನೂ ಮಗನೂ ತೀರಿದ ಮೇಲೆ ಮೊಮ್ಮಗನೊಡನೆ ತವರೂರಿನಲ್ಲಿಯೇ ಉಳಿದವಳು. ಕಾಗದವನ್ನು ಓದಿ ಹೇಳಿ, 1976ರ ಬೇಸಿಗೆಯ ಸಂಗತಿಯನ್ನೂ ಬಿಡದೆ ಹೇಳಿ, ಆಕೆಯ ಎದುರಿನಲ್ಲಿಯೇ ಅದನ್ನು ಸುಟ್ಟುಬಿಡಬೇಕೆಂಬುದು ಅವರ ಸಂಕಲ್ಪ. ಹೇಳುವಷ್ಟನ್ನು ಹೇಳಿದರು. ಕಡ್ಡಿಪೆಟ್ಟಿಗೆ ತೆಗೆದಾಗ ಆಕೆ ಕೈ ಅಡ್ಡ ಹಿಡಿದಳು.

“ಸುಡಬ್ಯಾಡ್ರೀ ಮಾಸ್ತರ್ರ. ನಿಮ್ಮ ಕ್ಷಮಾ ನೀವೇ ಬೇಡಿಕೊಳ್ರೀ, ನಾ ಏನ್ ಹೇಳಲಿ. ಆದರ ಆ ಕಾಗದ ನನಗ ಕೊಡ್ರೀ. ನಮ್ಮ ಮುತ್ಯಾನ ಹೆಬ್ಬೆಟ್ಟು ಅದರಾಗ ಅದ.”

ಅದೇಕೆಂದು ಅವರಿಗೆ ತಿಳಿಯಲಿಲ್ಲ. ಆಕೆ ಹೇಳಿದಳು. ಮೊಮ್ಮಗನಿಗೆ ಲಗ್ನವಾಗಿ ವರ್ಷವಾಗಿದೆ. ದೀಪಾವಳಿಯ ಸುತ್ತಮುತ್ತ ಗಂಡಹೆಂಡಿರು ಕಬ್ಬು ಕಡಿಯಲು ಗಡಿಯಾಚೆ ಹೋಗಬೇಕೆಂದಿದ್ದಾರೆ. ಮುಕಾದಮ ಉಚಲ್ ಕೊಡಲು ಬಂದು ಹೋಗಿದ್ದಾನೆ. ಉಚಲ್ ಎಂದರೆ ಮುಂಗಡ ಹಣ. ಹಂಗಾಮಿನಲ್ಲಿ ಅದು ತೀರದೆ ಹೋದರೆ ಮುಂದಿನ ಹಂಗಾಮಿಗೆ ಉಳಿಯುತ್ತದೆ. “ದುಡ್ಡಿನ ಗಂಟು ನೋಡಿ ಹುಡುಗ ಹಿಗ್ಗ್ಯಾನ. ಹೆಬ್ಬೆಟ್ಟು ಒಮ್ಮೆ ಒತ್ತಿದ್ರ ಎಷ್ಟು ವರ್ಷ ಅಂತ ಅವಗ ತೋರಸ್ಬೇಕ್ರೀ” ಎಂದಳು.

ಮಾಸ್ತರರು ಕಡ್ಡಿಪೆಟ್ಟಿಗೆಯನ್ನು ಜೇಬಿಗೆ ಸೇರಿಸಿದರು. ತಾನು ಸುಡಲು ಹೊರಟದ್ದು ಪಾಪವನ್ನಲ್ಲ, ಸಾಕ್ಷಿಯನ್ನು ಎಂಬುದು ಅವರಿಗೆ ಆಗ ಹೊಳೆಯಿತು. ಮರುದಿನ ಆಳಂದಕ್ಕೆ ಹೋಗಿ ಕಾಗದದ ಝೆರಾಕ್ಸ್ ಮಾಡಿಸಿದರು. ಆ ಖಾತೆಯ ಮೂವತ್ತೇಳು ವರ್ಷದ ಪುಟಗಳನ್ನೂ ಮಾಡಿಸಿದರು. ನಕಲನ್ನು ತಾವಿಟ್ಟುಕೊಂಡು ಮೂಲವನ್ನು ಆಕೆಗೆ ಒಪ್ಪಿಸಿದರು. ಮೊಮ್ಮಗನನ್ನು ಕೂರಿಸಿಕೊಂಡು ಕಾನೂನಿನ ಮಾತನ್ನು ಬಿಡಿಸಿ ಹೇಳಿದರು. ಮುಂಗಡ ಪಡೆಯುವುದು ತಪ್ಪಲ್ಲ. ಆ ಮುಂಗಡದ ನೆಪದಿಂದ ಬೇರೆ ಕಡೆ ದುಡಿಯಲು ಬಿಡದಿದ್ದರೆ, ಊರಿಗೆ ಹೋಗಲು ಬಿಡದಿದ್ದರೆ ಅದು ಜೀತ. 1982ರಲ್ಲಿ ಸುಪ್ರೀಂ ಕೋರ್ಟು, ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸುವುದೂ ಬಲವಂತದ ದುಡಿಮೆಯೇ ಎಂದಿದೆ. 1985ರ ತಿದ್ದುಪಡಿ, ಗುತ್ತಿಗೆಯ ಕೂಲಿಯವರೂ ರಾಜ್ಯ ದಾಟಿ ಹೋಗುವ ಕೂಲಿಯವರೂ ಇಂಥ ಜೀತಕ್ಕೆ ಸಿಕ್ಕರೆ ಅವರಿಗೂ ಈ ಕಾನೂನು ಅನ್ವಯಿಸುತ್ತದೆಂದು ಸ್ಪಷ್ಟಪಡಿಸಿದೆ. ಹುಡುಗ ಎಲ್ಲವನ್ನೂ ಕೇಳಿದ. ಕೊನೆಗೆ, ಉಚಲ್ ಬೇಡವೆಂದರೆ ಮಳೆಗಾಲದ ಸಾಲಕ್ಕೇನು ಮಾಡಲಿ ಎಂದು ಕೇಳಿದ. ಆ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರವಿಲ್ಲ. ಮಾಸ್ತರರು ತಮ್ಮ ನಿವೃತ್ತಿವೇತನದ ಉಳಿತಾಯದಿಂದ ಆ ಸಾಲವನ್ನು ತೀರಿಸಲು ಮುಂದಾದಾಗ ಅಜ್ಜಿ ಮತ್ತೆ ಅಡ್ಡ ಬಂದಳು. “ಧರ್ಮಕ್ಕ ಬ್ಯಾಡ್ರೀ. ನಮ್ಮಪ್ಪನ ದುಡಿಮೆ ನಿಮ್ಮ ವಹಿಯಾಗ ಎಷ್ಟದ, ಅದನ್ನ ಹೇಳಿ ಕೊಡ್ರೀ” ಎಂದಳು. ಅವರು ಮತ್ತೆ ಲೆಕ್ಕಕ್ಕೆ ಕುಳಿತರು. ಈ ಬಾರಿ ಜಮೆಯ ಕಡೆಯಿಂದ.

ದಾಸ್ಯವಿರೋಧವೆಂಬುದು ಎಲ್ಲಿಯೋ ಸಮುದ್ರದಾಚೆ ನಡೆದು ಮುಗಿದ ಹೋರಾಟವೆಂದು ನಾವು ಶಾಲೆಯಲ್ಲಿ ಓದುತ್ತೇವೆ. ಈ ನೆಲದ ಸುಧಾರಣೆಗಳನ್ನೂ ಹಾಗೆಯೇ ಇಸವಿಗಳಾಗಿ ನೆನಪಿಡುತ್ತೇವೆ. ಅಸ್ಪೃಶ್ಯತೆಯನ್ನು ಅಳಿಸಿದ 17ನೆಯ ವಿಧಿ, ದೇವರ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ದಾಸಿಯರಾಗಿಸುವುದನ್ನು ತಡೆದ ಕರ್ನಾಟಕದ 1982ರ ದೇವದಾಸಿ ಸಮರ್ಪಣ ನಿಷೇಧ ಶಾಸನ, ಎಲ್ಲವೂ ಒಂದೇ ಕೆಲಸವನ್ನು ಮಾಡಲು ಹೊರಟವು: ಒಬ್ಬರ ಪರಿಗ್ರಹದ ಪಟ್ಟಿಯಿಂದ ಇನ್ನೊಬ್ಬರ ಹೆಸರನ್ನು ತೆಗೆಯುವುದು. ಆದರೆ ಪಟ್ಟಿ ಇರುವುದು ಮನೆಯ ಗೂಡಿನಲ್ಲಿ. ಅದು ಅಲ್ಲಿದೆಯೆಂದು ಬಲ್ಲ ಮನೆಯವನು ಸುಮ್ಮನಿದ್ದರೆ ಶಾಸನ ಪಡಸಾಲೆಯಲ್ಲಿ ಚಹಾ ಕುಡಿದು ಹಿಂದಿರುಗುತ್ತದೆ.

ಮಾಸ್ತರರ ಮಗನಿಗೆ ಕಲಬುರಗಿಯಲ್ಲಿ ತೊಗರಿಬೇಳೆಯ ಮಿಲ್ಲಿನಲ್ಲಿ ಪಾಲಿದೆ. ಆ ವಾರ ಅವರು ಫೋನಿನಲ್ಲಿ ಒಂದೇ ಮಾತು ಕೇಳಿದರು: ಕೂಲಿಯವರ ರಿಜಿಸ್ಟರಿನಲ್ಲಿ ಮುಂಗಡ ಬಾಕಿಯೆಂಬ ಕಲಮು ಇದೆಯೇ? ಮಗ ನಕ್ಕು, “ಎಲ್ಲಾರೂ ಕೊಡ್ತಾರಪ್ಪಾ, ಇಲ್ಲಾಂದ್ರ ಆಳು ನಿಲ್ಲೂದಿಲ್ಲ” ಎಂದ. ನಿಲ್ಲುವುದಿಲ್ಲವೆಂಬ ಆ ಮಾತನ್ನು ಅವರು ಅವನ ಬಾಯಿಂದ ಇನ್ನೊಮ್ಮೆ ಹೇಳಿಸಿದರು. ಎರಡನೆಯ ಸಲ ಹೇಳುವಾಗ ಅವನ ದನಿ ಇಳಿದಿತ್ತು.

ಮಹಾವೀರಸ್ವಾಮಿಗಳ ನಿರ್ವಾಣದ ದಿನವಾದ ದೀಪಾವಳಿಯಂದು ವ್ಯಾಪಾರಸ್ಥರು ಹೊಸ ಖಾತೆ ಪೂಜಿಸಿ ತೆರೆಯುತ್ತಾರೆ. ಆ ವರ್ಷ ಮಾಸ್ತರರು ಹಬ್ಬಕ್ಕೆ ಕಲಬುರಗಿಗೆ ಹೋದರು. ಪೂಜೆಯ ತಟ್ಟೆಯಲ್ಲಿ ಹೊಸ ರಿಜಿಸ್ಟರಿನ ಪಕ್ಕದಲ್ಲಿ, ಅಜ್ಜನ ಅಕ್ಷರದ ಝೆರಾಕ್ಸ್ ಪುಟಗಳನ್ನಿಟ್ಟರು. ಮಗ ಅವನ್ನು ಕೈಗೆತ್ತಿಕೊಂಡು ‘ಬಾಕಿ ಮುಂದಕ್ಕೆ’ ಎಂಬಲ್ಲಿ ನಿಂತ. ಆಮೇಲೆ ಹಳೆಯ ರಿಜಿಸ್ಟರನ್ನು ತರಿಸಿ, ಮುಂಗಡದ ಕಲಮನ್ನು ತೆರೆದು, ಒಂದೊಂದೇ ಹೆಸರನ್ನು ತಂದೆಗೆ ಓದಿ ಹೇಳತೊಡಗಿದ.